ಟ್ರಾನ್ಸಿಸ್ಟರಿಗೆ ಲಗಾಮು ಹಾಕುವ ಒಂದು ಕಿಲೋಓಮ್!

ಬಿ.ಸಿ. 547 ಟ್ರಾನ್ಸಿಸ್ಟರ್ ಎರಡು ಕೊಳ್ಳಿ. ಅದೇ ಹೆಸರು, ಅದೇ ಕಪ್ಪು ಮೈ, ಅವೇ ಮೂರು ಕಾಲು. ಬೇಸಿಗೆ ಕೊಟ್ಟ ಕರೆಂಟನ್ನು ಕಲೆಕ್ಟರಿನಲ್ಲಿ ಎಷ್ಟು ಪಟ್ಟು ಹೆಚ್ಚಿಸುತ್ತವೆ ಎನ್ನುವುದರಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಇದ್ದೀತು? ಊಹಿಸಿ! ಶೇಕಡಾ ಐದು? ಹತ್ತು?

ಒಂದು 110 ಪಟ್ಟು ಇರಬಹುದು. ಇನ್ನೊಂದು 800! ಡೇಟಾಶೀಟೇ ಒಪ್ಪಿಕೊಳ್ಳುವ ಮಾತಿದು.

12 ವೋಲ್ಟಿನಿಂದ ಬೇಸಿಗೆ 2.2 ಮೆಗಾಓಮ್, ಕಲೆಕ್ಟರಿಗೆ 4.7 ಕಿಲೋಓಮ್ ಜೋಡಿಸಿ ನೋಡಿ. ಕಲೆಕ್ಟರ್ 6 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಸಿಗ್ನಲಿಗೆ ಮೇಲೂ ಕೆಳಗೂ ಆಡಲು ಜಾಗ ಬೇಕಲ್ಲ! ಮೊದಲನೆಯದು 9.3 ವೋಲ್ಟಿನಲ್ಲೇ ಉಳಿಯುತ್ತದೆ. ಎರಡನೆಯದು ಸೊನ್ನೆಯ ಹತ್ತಿರ ಕುಸಿದು ಕೂರುತ್ತದೆ. ಅದರಿಂದ ಹಾಡು ಹೊರಡುವುದೇ ಇಲ್ಲ!

ಹಾಗಾದರೆ ಬೇಸ್ ವೋಲ್ಟೇಜನ್ನೇ ನೇರವಾಗಿ ಕಟ್ಟಿಹಾಕೋಣವೇ? ಬೇಡ! ಅಲ್ಲಿ ಎಷ್ಟು ಏರಿದರೆ ಕರೆಂಟ್ ಇಮ್ಮಡಿಯಾಗುತ್ತದೆ ಗೊತ್ತೇ? ಬರೀ 18 ಮಿಲಿವೋಲ್ಟ್! ಅಷ್ಟೇ ಅಲ್ಲ, ಒಂದೊಂದು ಡಿಗ್ರಿ ಬಿಸಿಯೂ 2 ಮಿಲಿವೋಲ್ಟ್ ಏರಿಸಿದ್ದಕ್ಕೆ ಸಮ. ಬೆರಳುಗಳ ನಡುವೆ ಹಿಡಿದಾಗ 9 ಡಿಗ್ರಿ ಕಾವೇರಿತು ಅನ್ನಿ, ಕರೆಂಟ್ ಎರಡರಷ್ಟು!

ಈಗ ನೋಡಿ ಚಮತ್ಕಾರ. ಬೇಸಿಗೆ ಮೇಲಿನಿಂದ 56 ಕಿಲೋಓಮ್, ಕೆಳಗೆ ಗ್ರೌಂಡಿಗೆ 10 ಕಿಲೋಓಮ್. ಎಮಿಟರಿನ ಕೆಳಗೆ 1 ಕಿಲೋಓಮ್. ಕರೆಂಟ್ ಏರಿದೊಡನೆ ಎಮಿಟರಿನ ವೋಲ್ಟೇಜೂ ಏರುತ್ತದೆ, ಬೇಸ್-ಎಮಿಟರ್ ಅಂತರ ಕುಗ್ಗುತ್ತದೆ, ಕರೆಂಟ್ ತಾನಾಗಿಯೇ ಹಿಂಜರಿಯುತ್ತದೆ! ಇಷ್ಟು ಚೆಂದದ ಉಪಾಯ ಎಲೆಕ್ಟ್ರಾನಿಕ್ಸಿನಲ್ಲಿ ಅಪರೂಪ.

ಫಲಿತಾಂಶ? 110ರ ಟ್ರಾನ್ಸಿಸ್ಟರಿನಲ್ಲಿ 1.08 ಮಿಲಿಆಂಪಿಯರ್. 800ರದರಲ್ಲಿ 1.15! ಕಲೆಕ್ಟರಿನಲ್ಲಿ 0.4 ವೋಲ್ಟಿನಷ್ಟೂ ಅಂತರವಿಲ್ಲ! ಅದೇ ಬೆರಳಿನ ಕಾವಿಗೆ ಈಗ ಕರೆಂಟ್ ಏರುವುದು ಶೇಕಡಾ 2ರ ಒಳಗೆ!

ಆದರೆ ಒಂದು ತೊಡಕು. ಎಮಿಟರಿನ ಅದೇ ರೆಸಿಸ್ಟರ್ ಸಿಗ್ನಲನ್ನೂ ಅದುಮುತ್ತದೆ. ವರ್ಧನೆ 4.7 ಪಟ್ಟನ್ನು ದಾಟುವುದಿಲ್ಲ. ಬಿಡುಗಡೆಗೆ ಏನು ದಾರಿ?

ಆ 1 ಕಿಲೋಓಮಿಗೆ ಸಮಾಂತರವಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್! ನಿಂತ ಕರೆಂಟಿಗೆ ಹಿಡಿತ ಹಾಗೇ ಉಳಿಯಿತು; ಓಲಾಡುವ ಸಿಗ್ನಲಿಗೆ ಹೆದ್ದಾರಿ ತೆರೆಯಿತು. ಒಳಗೆ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್ ಇರಲಿ, ವರ್ಧನೆ ಎಷ್ಟಕ್ಕೆ ಜಿಗಿಯುತ್ತದೆ? 10? 50? ಸುಮಾರು 200!

ಕಲೆಕ್ಟರಿನ ರೆಸಿಸ್ಟರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 5.2 ವೋಲ್ಟ್ ತೋರಿಸಿತೇ? 26 ಮಿಲಿವೋಲ್ಟಿನಿಂದ ಭಾಗಿಸಿ. ಬಂದದ್ದೇ ನಿಮ್ಮ ವರ್ಧನೆ! ಸಿಗ್ನಲನ್ನು ಇನ್ನೂ ಜೋಡಿಸಿಯೇ ಇಲ್ಲ, ಉತ್ತರ ಆಗಲೇ ಕೈಯಲ್ಲಿದೆ!