ತಾಮ್ರದಲ್ಲಿ ಕೊರೆದ ತೆಂಗು: ಒಂದು ಡಚ್ ಸಚಿತ್ರ ಗ್ರಂಥ

ಶಾಸನ ಓದುವವರು ಹಳೆಯ ಡಚ್ ಸಚಿತ್ರ ಪುಸ್ತಕಗಳನ್ನೂ ನೋಡಬೇಕು ಅಂತೀನಿ. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಭಾಷೆ ಲ್ಯಾಟಿನ್, ಆದರೆ ಮೊದಲ ಗಿಡವೇ ನಮ್ಮ ತೆಂಗು! ಹೆಸರುಗಳು ಚಿತ್ರದೊಳಗೇ ರೋಮನ್, ಮಲಯಾಳಂ, ಅರಬಿ, ನಾಗರಿ ಲಿಪಿಗಳಲ್ಲಿವೆ. ನಾಗರಿಯಲ್ಲಿರುವುದು ಕೊಂಕಣಿ ಹೆಸರು.

ತಾಮ್ರದ ತಗಡಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಗೊತ್ತಿಲ್ಲದ ಲಿಪಿಯಾದರೆ ಕೊರೆಯುವವನ ಕೈ ತಪ್ಪೋದು ಸುಲಭ. ಆದ್ದರಿಂದ ವಿವರ ಬರೆಯುವಾಗ ತಿದ್ದಬಾರದು, ಶಾಸನಪಾಠದ ಹಾಗೆ ಇದ್ದದ್ದನ್ನು ಇದ್ದಂತೆ ಕೊಡಬೇಕು. ಸಂಪುಟದ ಇಸವಿ, ಚಿತ್ರಗಳ ಎಣಿಕೆ, ಕಾಗದದಲ್ಲಿ ತಗಡಿನ ಅಂಚು ಒತ್ತಿದ ಗುರುತು, ಇವೂ ಬೇಕು.

ಚಿತ್ರಗಳನ್ನು ಕಿತ್ತು ಚೌಕಟ್ಟು ಹಾಕಿ ಮಾರುವವರಿದ್ದಾರೆ. ಆಗ ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ. ಬಿಡಿ ಹಾಳೆ ಸಿಕ್ಕರೆ ಅದರ ಮೇಲಿನ ಚಿತ್ರಸಂಖ್ಯೆಯನ್ನು ಕತ್ತರಿಸಲು ಬಿಡಬೇಡಿ.