ಹಳೆಯ ಜೀಪಿಗೆ ದೀಪದ ಬ್ರಾಕೆಟ್

ದೀಪವನ್ನು ವಾಹನದ ಮೈಗೆ ಬಿಗಿಯಾಗಿ ಹಿಡಿದಿಡುವ ಉಕ್ಕಿನ ತೋಳೇ ಬ್ರಾಕೆಟ್. ಹಳೆಯ ಜೀಪನ್ನು ಮೊದಲಿನ ರೂಪಕ್ಕೆ ತರುವಾಗ ಎಂಜಿನ್ನಿನ ಬಿಡಿಭಾಗ ಸಿಕ್ಕರೂ ಈ ಸಣ್ಣ ತುಂಡು ಸಿಗದೆ ಕೆಲಸ ನಿಲ್ಲುವುದುಂಟು. ಅದು ತುಕ್ಕು ತಿಂದಾಗ ಅಥವಾ ಡಿಕ್ಕಿಯಲ್ಲಿ ಮುರಿದಾಗ, ಕೈಗೆ ಸಿಕ್ಕ ಕಬ್ಬಿಣದ ಪಟ್ಟಿಯನ್ನು ಬೆಸೆದು ಗಾಡಿ ಓಡಿಸಿದವರೇ ಹೆಚ್ಚು.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಜೀಪು ದುಡಿಮೆಯ ಗಾಡಿ. ಈ ಸೀಮೆಯಿಂದ ಕೂಲಿಯಾಳುಗಳು ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಜೀಪಿನಲ್ಲೇ ಘಟ್ಟ ಹತ್ತುತ್ತಾರೆ. ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ದಾರಿಗಳ ತಿರುವಿನಲ್ಲೂ ಮಂಜಿನಲ್ಲೂ ದೀಪ ಅಲುಗಬಾರದು. ಆ ಭಾರವೆಲ್ಲ ಬ್ರಾಕೆಟ್ ಮೇಲೆ.

ಬ್ರಾಕೆಟ್ ಹುಡುಕುವ ಮೊದಲು ಜೀಪಿನ ಮಾದರಿಯನ್ನು ಗುರುತಿಸಬೇಕು. 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂ.ಬಿ. ಯುದ್ಧದ ಜೀಪಿನಲ್ಲಿ ಮುಂದೀಪಗಳು ಜಾಲರಿಯ ಹಿಂದೆ, ಕೀಲಿರುವ ಬ್ರಾಕೆಟ್ ಮೇಲೆ ಕೂತಿವೆ. ರೆಕ್ಕೆ ನಟ್ ಸಡಿಲಿಸಿ ದೀಪವನ್ನು ಹಿಂದಕ್ಕೆ ಮಗುಚಿದರೆ ರಾತ್ರಿ ರಿಪೇರಿಗೆ ಎಂಜಿನ್ ಮೇಲೆಯೇ ಬೆಳಕು ಬೀಳುತ್ತದೆ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿದ, ಸಾರ್ವಜನಿಕರಿಗಾಗಿ ರೂಪುಗೊಂಡ ಜೀಪುಗಳಲ್ಲಿ ಈ ಕೀಲಿಲ್ಲ. ದೀಪದ ಬಟ್ಟಲು ನೇರ ಜಾಲರಿಗೇ ಕೂರುತ್ತದೆ. ಒಂದರ ದೀಪದ ಬ್ರಾಕೆಟ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೂಲ ರೂಪಕ್ಕೆ ಕಾನೂನಿನಲ್ಲೂ ಬೆಲೆಯಿದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಉಳಿದ ವಾಹನವಷ್ಟೇ ವಿಂಟೇಜ್ ಎನಿಸಿಕೊಳ್ಳುತ್ತದೆ.

ಹಳೆಯ ಬ್ರಾಕೆಟ್ ಹುಡುಕುವುದಕ್ಕೆ ಗುಜರಿ ಅಂಗಡಿಗಳೇ ದಾರಿ. ಚೆನ್ನೈನ ಪುದುಪ್ಪೇಟೆ ಹಳೆಯ ವಾಹನಭಾಗಗಳಿಗೆ ಹೆಸರುವಾಸಿ. ಹರಿಯಾಣದ ಮಂಡಿ ಡಬ್ವಾಲಿ ಸೇನೆ ಮಾರಿದ ಜೀಪುಗಳ ಪುನರ್ನಿರ್ಮಾಣಕ್ಕೆ ಪ್ರಸಿದ್ಧ. ಫಿಲಿಪ್ಪೀನ್ಸ್‌ನಲ್ಲಿ ಎಂ.ಬಿ. ಜೀಪಿನ ತಗಡಿನ ಭಾಗಗಳನ್ನು ಇಂದಿಗೂ ಹೊಸದಾಗಿ ಮಾಡುತ್ತಾರೆ. ಕೊಳ್ಳುವ ಮುನ್ನ ರಂಧ್ರಗಳ ನಡುವಿನ ಅಂತರ ಅಳೆಯಬೇಕು, ಎಡ–ಬಲ ನೋಡಬೇಕು, ಬಾಗಿದ ಕಡೆ ಬಿರುಕಿದೆಯೇ ಎಂದು ಪರೀಕ್ಷಿಸಬೇಕು.

ಸಿಗದಿದ್ದರೆ ಮಾಡಿಸಬೇಕು. ಇದಕ್ಕೆ ದೊಡ್ಡ ಕಾರ್ಖಾನೆ ಬೇಡ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ದಿಂಡಿಗಲ್ ಬೀಗದ ಹಿಂದಿರುವ ಕಸುಬೇ, ಎಂದರೆ ತಗಡು ಕತ್ತರಿಸುವುದು, ಅರ ಹಾಕುವುದು, ರಿವೆಟ್ ಬಡಿಯುವುದು, ಇಲ್ಲಿಗೂ ಬೇಕು. ಗಾಡಿಯ ಇನ್ನೊಂದು ಬದಿಯ ಬ್ರಾಕೆಟ್ ಉಳಿದಿದ್ದರೆ ಅದೇ ಅತ್ಯುತ್ತಮ ಮಾದರಿ. ಅದರ ಆಕಾರವನ್ನು ರಟ್ಟಿನಲ್ಲಿ ತೆಗೆದು, ರಟ್ಟನ್ನು ಮಗುಚಿ, ತಗಡಿನ ಮೇಲೆ ಗೀರಿಕೊಂಡರೆ ಎದುರು ಬದಿಯದು ಸಿದ್ಧ. ದಪ್ಪ ಮೂಲದಷ್ಟೇ ಇರಲಿ. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಬಾಗಿಸುವ ಮೂಲೆ ಚೂಪಾಗಕೂಡದು. ಘಟ್ಟದ ಕುಲುಕಾಟದಲ್ಲಿ ಬಿರುಕು ಹುಟ್ಟುವುದು ಅಲ್ಲೇ. ಅಂಚನ್ನು ಮಡಚಿದರೆ ತೆಳು ತಗಡಿಗೂ ಬಲ ಬರುತ್ತದೆ. ಬೆಸುಗೆಯನ್ನು ಮೊದಲು ಚುಕ್ಕಿ ಚುಕ್ಕಿಯಾಗಿ ಹಾಕಿ, ಗಾಡಿಗೆ ಕೂರಿಸಿ ನೋಡಿದ ಮೇಲಷ್ಟೇ ಪೂರ್ತಿ ಮಾಡಬೇಕು. ಒಂದೇ ಸಲ ಬೆಸೆದರೆ ಕಾವಿಗೆ ತಗಡು ತಿರುಚಿಕೊಳ್ಳುತ್ತದೆ.

ಬೋಲ್ಟ್‌ಗಳಲ್ಲೂ ಎಚ್ಚರ ಬೇಕು. ಅಮೆರಿಕದ ಕಾಲಿಂಚಿನ ಬೋಲ್ಟ್ 6.35 ಮಿ.ಮೀ.; ಆ ಜಾಗಕ್ಕೆ 6 ಮಿ.ಮೀ. ಬೋಲ್ಟ್ ಹಾಕಿದರೆ ಮರೆ ಕಚ್ಚುವುದಿಲ್ಲ. ತುಕ್ಕು ತಡೆಯಲು ಸತುವಿನ ಲೇಪ ಅಥವಾ ಪ್ರೈಮರ್ ಮೇಲೆ ಬಣ್ಣ ಬಳಿಯಬೇಕು. ಆದರೆ ದೀಪದ ವಿದ್ಯುತ್ತು ಬ್ರಾಕೆಟ್ ಮೂಲಕವೇ ಬಾಡಿಗೆ ಅರ್ತ್ ಆಗುವ ಕಡೆ, ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕದಿದ್ದರೆ ಬೆಳಕು ಮಂಕಾಗುತ್ತದೆ. ಕೊನೆಗೆ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಗೋಡೆಯ ಮೇಲೆ ಎರಡೂ ದೀಪಗಳ ಬೆಳಕು ಒಂದೇ ಎತ್ತರಕ್ಕೆ ಬೀಳುವಂತೆ ಸರಿಪಡಿಸಿ ನಟ್ ಬಿಗಿಯಬೇಕು.