ಪಾರ್ ಎಂಬ ಜಮಾ-ಖರ್ಚು

ಚೆಂಬೂರಿನಲ್ಲಿ ದುಡಿಯುವ ನಮ್ಮ ಹೋಟೆಲು ಬಂಧುಗಳಲ್ಲಿ ಅಲ್ಲಿಯ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ಹೆಸರು ಕೇಳದವರು ವಿರಳ. ಅದರ ಒಳಹೊಕ್ಕವರು ಇನ್ನೂ ವಿರಳ. 1927ರಲ್ಲಿ ಸ್ಥಾಪಿತವಾದ ಆ ಕ್ಲಬ್ಬಿನ ಹಸುರು ಬಯಲನ್ನು ಕಂಡಾಗ “ಇದು ಧನಿಕರ ಆಟ, ಇದರಿಂದ ನಮಗೇನು?” ಎಂದುಕೊಳ್ಳುವುದು ಸಹಜವೇ. ಆದರೆ ಆಟದ ವೆಚ್ಚ ಧನಿಕರದಾದರೂ ಅದರ ಲೆಕ್ಕ ನಮಗೆ ಪರಿಚಿತವಾದುದೇ. ಬಹುಕಾಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ರೋಕಡ ಬರೆದ ಈ ಲೇಖಕನಿಗೆ ಗಾಲ್ಫಿನ ಅಂಕಿ-ಅಂಶಗಳು ಹೊಸ ವಿದ್ಯೆಯಾಗಿ ತೋರಲಿಲ್ಲ.

ಮೊದಲು ಪರಿಭಾಷೆಯನ್ನು ತಿಳಿಯೋಣ. ಪೂರ್ಣ ಆಟಕ್ಕೆ 18 ಕುಳಿಗಳು. ಒಂದೊಂದು ಕುಳಿಗೂ ಚೆಂಡನ್ನು ಇಂತಿಷ್ಟೇ ಹೊಡೆತಗಳಲ್ಲಿ ಸೇರಿಸಬೇಕೆಂದು ಸಾಮಾನ್ಯವಾಗಿ 3, 4 ಅಥವಾ 5ರ ಮಿತಿಯನ್ನು ಗೊತ್ತುಮಾಡಿರುತ್ತಾರೆ, ಅದೇ ಪಾರ್. 3ರ ಕುಳಿಗಳು ನಾಲ್ಕು, 4ರವು ಹತ್ತು, 5ರವು ನಾಲ್ಕು ಇದ್ದರೆ ಒಟ್ಟು ಪಾರ್ 72. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದೂ, ಅದರ ಮೇಲೆ ಚೆಂಡನ್ನು ಉರುಳಿಸುವ ಹೊಡೆತಕ್ಕೆ ಪಟ್ ಎಂದೂ ಹೆಸರು. ಪ್ರತಿ ಕುಳಿಯ ಮಿತಿಯಲ್ಲಿ ಎರಡು ಪಟ್‌ಗಳು ಸೇರಿರುತ್ತವೆ. ಆದುದರಿಂದ 72ರಲ್ಲಿ 36 ಹೊಡೆತಗಳು ಪಟ್‌ಗಳಿಗೆ, ಉಳಿದ 36 ಗ್ರೀನನ್ನು ಮುಟ್ಟುವುದಕ್ಕೆ. ಇದು ಅಂದಾಜು ಪತ್ರ.

ಅಂದಾಜಿನಂತೆಯೇ ಸಂಸಾರ ನಡೆಯುವುದುಂಟೇ? ಅಮೆರಿಕದ ಪ್ರಮುಖ ಪಂದ್ಯಗಳಲ್ಲಿ ಆಡುವ ನುರಿತ ವೃತ್ತಿಗಾರರು ಸಹ 18ರಲ್ಲಿ ಸುಮಾರು 12 ಗ್ರೀನ್‌ಗಳನ್ನು ಮಾತ್ರ ಮಿತಿಯೊಳಗೆ ಮುಟ್ಟುತ್ತಾರೆ, ಆರು ತಪ್ಪುತ್ತವೆ. ತಪ್ಪಿದ ಒಂದೊಂದಕ್ಕೂ ಒಂದೊಂದು ಹೊಡೆತ ಹೆಚ್ಚು ಬಿತ್ತೆಂದರೆ 36ರ ಬದಲು 42 ಖರ್ಚಾಯಿತು. 72ಕ್ಕೆ ಲೆಕ್ಕ ಕೂಡಬೇಕಾದರೆ ಪಟ್‌ಗಳು 30ಕ್ಕೆ ಇಳಿಯಬೇಕು. ಅಂದರೆ ಆರು ಕುಳಿಗಳಲ್ಲಿ ಒಂದೇ ಪಟ್ ಸಾಕಾಗಬೇಕು. ಇದರಿಂದ ಒಂದು ಸರಳ ಸೂತ್ರ ದೊರೆಯುತ್ತದೆ: ಎಷ್ಟು ಗ್ರೀನ್ ತಪ್ಪಿತೋ ಅಷ್ಟು ಕುಳಿಗಳನ್ನು ಒಂದೇ ಪಟ್‌ನಿಂದ ಮುಗಿಸಬೇಕು. ಎಲ್ಲಾದರೂ ಮೂರು ಪಟ್ ಬಿದ್ದರೆ, ಅಥವಾ ಚೆಂಡು ನೀರಿಗೆ ಬಿದ್ದು ದಂಡ ತೆತ್ತರೆ, ಅದನ್ನೂ ಸಾಲದ ಕಡೆಗೆ ಬರೆಯಬೇಕು. ಪಾರ್ ಎಂದರೆ ತಪ್ಪಿಲ್ಲದ ಆಟವಲ್ಲ. ತಪ್ಪಿದ್ದನ್ನು ಅದೇ ದಿನ ತೀರಿಸಿದ ಆಟ.

ಹಾಗಾದರೆ ತೀರಿಸುವ ಬಂಡವಾಳ ಎಲ್ಲಿಂದ ಬರಬೇಕು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿಯವರು ವೃತ್ತಿಗಾರರ ಲಕ್ಷಾಂತರ ಹೊಡೆತಗಳ ದಾಖಲೆಯನ್ನು ಶೋಧಿಸಿ 2014ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಲೆಕ್ಕದಂತೆ ಮೂರು ಅಡಿ ದೂರದ ಪಟ್ ವೃತ್ತಿಗಾರನಿಗೆ ಹೆಚ್ಚುಕಡಿಮೆ ಖಂಡಿತ. ಎಂಟು ಅಡಿಯಿಂದ ಎರಡರಲ್ಲಿ ಒಂದು. 20 ಅಡಿಯಿಂದಲಾದರೋ ಏಳರಲ್ಲಿ ಒಂದು ಮಾತ್ರ ಕುಳಿ ಸೇರುತ್ತದೆ. ಹನ್ನೆರಡು ಗ್ರೀನ್‌ಗಳಲ್ಲಿಯೂ ಚೆಂಡು 20 ಅಡಿ ದೂರದಲ್ಲೇ ನಿಂತಿತೆನ್ನಿ. ಒಂದೇ ಪಟ್‌ನಿಂದ ಮುಗಿಯುವುದು ಹೆಚ್ಚೆಂದರೆ ಎರಡು. ತಪ್ಪಿದ ಆರರಲ್ಲಿ ಪ್ರತಿ ಸಲವೂ ಚೆಂಡನ್ನು ಎಂಟು ಅಡಿಯ ಹತ್ತಿರಕ್ಕೆ ತಂದರೂ ಉಳಿಯುವುದು ಮೂರು. ಒಟ್ಟು ಐದಾಯಿತು, ಆರಾಗಲಿಲ್ಲ. ಆದುದರಿಂದ ಪಟ್‌ಗಿಂತ ಮೊದಲಿನ ಹೊಡೆತವೇ ಚೆಂಡನ್ನು ಇನ್ನಷ್ಟು ಸಮೀಪಕ್ಕೆ ತರಬೇಕು.

“ದೂರದ ಹೊಡೆತ ನೋಟಕ್ಕೆ, ಪಟ್ ನೋಟಿಗೆ” ಎಂಬರ್ಥದ ಹಳೆಯ ಮಾತೊಂದು ಆ ಆಟಗಾರರಲ್ಲುಂಟು. ಬ್ರಾಡಿಯವರ ಲೆಕ್ಕ ಅದನ್ನು ತಲೆಕೆಳಗು ಮಾಡಿತು. ಶ್ರೇಷ್ಠರಿಗೂ ಸಾಧಾರಣ ವೃತ್ತಿಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ಆಚೆಯಿಂದ ಹೊಡೆದ ಹೊಡೆತಗಳಿಂದಲೇ ಬರುತ್ತದೆ. ಬರೇ ಪಟ್‌ಗಳನ್ನು ಎಣಿಸುವವನು ಮೋಸಹೋಗುತ್ತಾನೆ. ಗ್ರೀನ್ ತಪ್ಪಿದವನು ಮುಂದಿನ ಹೊಡೆತದಿಂದ ಕುಳಿಯ ಪಕ್ಕಕ್ಕೇ ಬರುವುದರಿಂದ ಅವನ ಪಟ್‌ಗಳು ತಾವಾಗಿ ಕಡಿಮೆಯಾಗುತ್ತವೆ. ಸಾಯಂಕಾಲ ಗಲ್ಲಾಪೆಟ್ಟಿಗೆ ತುಂಬಿದೆಯೆಂದು ಹಿಗ್ಗಿ, ಹಾಲಿನವನ ಮತ್ತು ತರಕಾರಿಯವನ ಬಾಕಿಯನ್ನು ಮರೆತ ಮಾಲೀಕನ ಸ್ಥಿತಿ ಅದೇ ಅಲ್ಲವೇ?

ಒಂದು ಹೊಡೆತದ ಬೆಲೆ ಎಷ್ಟೆಂಬುದನ್ನು ನಮ್ಮ ಬೆಂಗಳೂರಿನ ಕುಮಾರಿ ಅದಿತಿ ಅಶೋಕ್ ಬಲ್ಲರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬಯಲಿನ ಪಾರ್ 71. ನಾಲ್ಕು ದಿನಗಳಿಗೆ 284. ಅದಿತಿಯವರು ಅದನ್ನು 269ರಲ್ಲಿ ಮುಗಿಸಿದರು, ಪಾರ್‌ಗಿಂತ 15 ಕಡಿಮೆ. ದೂರದ ಹೊಡೆತದಲ್ಲಿ ಅನೇಕರಿಗಿಂತ ಹಿಂದಿದ್ದರೂ ಪಟ್‌ನ ಬಲದಿಂದ ಅವರು ಆ ಕೊರತೆಯನ್ನು ತುಂಬಿಕೊಂಡರು. ಆದರೂ ಕಂಚಿನ ಪದಕ ಒಂದೇ ಒಂದು ಹೊಡೆತದಿಂದ ತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು. ಅಷ್ಟು ಹೊಡೆತಗಳಲ್ಲಿ ಆ ಒಂದು ಎಲ್ಲಿ ಸೋರಿತೋ!

ಅದೇ ಬೆಂಗಳೂರಿನ ಸಿ. ಮುನಿಯಪ್ಪನವರ ಕಥೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಇತರರ ಗಾಲ್ಫ್ ಚೀಲ ಹೊರುವ ಕ್ಯಾಡಿಯಾಗಿ ಬದುಕನ್ನು ಆರಂಭಿಸಿದ ಅವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಚೀಲ ಹೊರುವವನು ಪ್ರತಿ ಕುಳಿಯಲ್ಲಿಯೂ ಯಜಮಾನನ ಹೊಡೆತಗಳನ್ನು ಕಣ್ಣಾರೆ ಕಾಣುತ್ತಾನೆ; ಯಾವುದು ಎಲ್ಲಿ ವ್ಯರ್ಥವಾಯಿತೆಂಬುದನ್ನು ಅವನಿಗೆ ಬೇರೆಯವರು ಹೇಳಬೇಕಾಗಿಲ್ಲ.

ಬಂಧುಗಳೇ, ನಮ್ಮಲ್ಲಿ ಗಾಲ್ಫ್ ಕೋಲು ಹಿಡಿಯುವವರು ಬಹಳ ಮಂದಿ ಇರಲಾರರು. ಆದರೆ ದಿನವೂ ಒಂದಿಲ್ಲೊಂದು ಗ್ರೀನ್ ತಪ್ಪುವವರು ನಾವೆಲ್ಲರೂ. ತಪ್ಪಿದ್ದಕ್ಕೆ ಪರಿತಪಿಸುತ್ತ ಕುಳಿತವನು ಮುಂದಿನ ಹೊಡೆತವನ್ನೂ ಕೆಡಿಸುತ್ತಾನೆ. ತಪ್ಪನ್ನು ಬರೆದಿಟ್ಟವನಾದರೋ ಎಲ್ಲಿ ತೀರಿಸಬೇಕೆಂಬುದನ್ನು ಕಾಣುತ್ತಾನೆ. ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ, ಮೊನೆಯಿರುವ ಒಂದು ಪೆನ್ಸಿಲು: ಆಟಗಾರನಿಗೂ ಹೋಟೆಲಿನವನಿಗೂ ಇವೆರಡು ಸಾಕು.